ಅಸ್ತ್ರವೂ ಉಪಸಂಹಾರವೂ

ಕೋಳಿ ಅಂಕವನ್ನೂ ಟಗರು ಕಾಳಗವನ್ನೂ ಕಂಡ ನಾಡಿನವರಿಗೆ, ಎರಡು ಜೀವಗಳನ್ನು ಕಣಕ್ಕಿಳಿಸಿ ಸುತ್ತ ನಿಂತು ಕೂಗುವ ಜನರ ಹುರುಪು ಹೊಸದೇನೂ ಅಲ್ಲ. ಆದರೆ ಕಾದುವ ಎರಡು ಪಕ್ಷಗಳಲ್ಲಿಯೂ ರಕ್ತಮಾಂಸಗಳಿಲ್ಲದೆ ಬರಿಯ ಉಕ್ಕು, ಪ್ಲಾಸ್ಟಿಕ್ಕು, ತಂತಿಗಳೇ ಇದ್ದರೆ ಆ ಕಾಳಗವನ್ನು ಏನೆಂದು ಎಣಿಸಬೇಕು? ಇಂಗ್ಲೆಂಡು ಅಮೆರಿಕಗಳಲ್ಲಿ ಈ ಯಂತ್ರಕಾಳಗ ಬಹುದಿನಗಳಿಂದ ರೂಢಿಯಲ್ಲಿದೆ. ಸ್ಪರ್ಧೆಯ ದಿನ ಹತ್ತಿರ ಬಂದಂತೆ ಅಲ್ಲಿನ ಹವ್ಯಾಸಿಗಳ ಹಿತ್ತಲಿನ ಶೆಡ್ಡುಗಳಲ್ಲಿ, ಊಟದ ಮೇಜುಗಳ ಮೇಲೆ, ಅರದ ಸದ್ದೂ ಬೆಸುಗೆಯ ಹೊಗೆಯೂ ರಾತ್ರಿಯಾದರೂ ಅಡಗುವುದಿಲ್ಲ. ಇದನ್ನು ದೊಡ್ಡವರ ಹುಡುಗಾಟವೆಂದು ನಕ್ಕುಬಿಡುವವರುಂಟು. ಹಿಂಸೆಯ ಪಾಠಶಾಲೆಯೆಂದು ಹಳಿಯುವವರೂ ಉಂಟು. ನನಗಾದರೋ, ಇಂದಿನ ಯುದ್ಧಗಳ ವರ್ತಮಾನವನ್ನು ಓದುವಾಗಲೆಲ್ಲ, ಈ ಆಟದ ನಿಯಮಪುಸ್ತಕವನ್ನು ಲೋಕದ ರಾಜನೀತಿಜ್ಞರ ಮುಂದೆ ಒಮ್ಮೆ ಬಿಚ್ಚಿಡಬೇಕೆನಿಸುತ್ತದೆ.

ಆಟದ ಹುಟ್ಟೇ ವಿನೋದಕರವಾದುದು. ಅಮೆರಿಕದ ಮಾರ್ಕ್ ಥಾರ್ಪ್ ಎಂಬವರು ಮನೆಯ ಕಸ ಹೀರುವ ಯಂತ್ರವನ್ನು ರೇಡಿಯೋ ಮೂಲಕ ದೂರದಿಂದ ನಡೆಸಲು ಹವಣಿಸುತ್ತಿದ್ದರು. ಗುಡಿಸುವ ಕೆಲಸ ಕೈಗೂಡಲಿಲ್ಲ. ಕಾದುವ ಯಂತ್ರದ ಕಲ್ಪನೆ ಮೂಡಿತು. 1994ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅವರು ‘ರೋಬಾಟ್ ವಾರ್ಸ್’ ಎಂಬ ಮೊದಲ ಪಂದ್ಯವನ್ನು ನಡೆಸಿದರು. 1998ರಲ್ಲಿ ಬಿ.ಬಿ.ಸಿ. ಅದೇ ಹೆಸರಿನ ಕಾರ್ಯಕ್ರಮವನ್ನು ದೂರದರ್ಶನಕ್ಕೆ ತಂದಿತು. ಬಹುಕಾಲ ನಿಂತು 2016ರಲ್ಲಿ ಮರುಜೀವ ಪಡೆದ ಆ ಕಾರ್ಯಕ್ರಮ 2018ರಲ್ಲಿ ಮತ್ತೆ ನಿಂತಿತು; ಹವ್ಯಾಸ ನಿಲ್ಲಲಿಲ್ಲ. 110 ಕಿಲೋಗ್ರಾಮಿನ ಮಹಾಮಲ್ಲರನ್ನು ಕಟ್ಟಲಾರದವರು ಒಂದೂವರೆ ಕಿಲೋಗ್ರಾಮಿನ ‘ಜೀರುಂಡೆ’ಗಳನ್ನೂ, ನಾಲ್ಕಂಗುಲದ ಪೆಟ್ಟಿಗೆಯೊಳಗೆ ಅಡಗಬೇಕಾದ 150 ಗ್ರಾಮಿನ ‘ಇರುವೆ’ಗಳನ್ನೂ ಕಟ್ಟತೊಡಗಿದರು. ನಮ್ಮ ದೇಶದಲ್ಲಿಯೂ ಮುಂಬಯಿಯ ಐ.ಐ.ಟಿ.ಯ ‘ಟೆಕ್‌ಫೆಸ್ಟ್’ ಉತ್ಸವದ ‘ರೋಬೊವಾರ್ಸ್’ ಕಾಳಗಕ್ಕೆ ವಿದ್ಯಾರ್ಥಿಗಳ ತಂಡಗಳು ತಮ್ಮ ಯಂತ್ರಗಳನ್ನು ಹೊತ್ತು ಬರುತ್ತವೆ.

ಇಂಥ ಯಂತ್ರವನ್ನು ಕಟ್ಟಲು ಕಾರ್ಖಾನೆ ಬೇಕಿಲ್ಲ. ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆಯನ್ನು ಕೊಯ್ದು ಒಡಲನ್ನು ಮಾಡುವುದುಂಟು. ಪೆಟ್ಟು ಬಿದ್ದರೆ ಅದು ಒಡೆಯದೆ ಬಾಗಿ ತಾಳಿಕೊಳ್ಳುತ್ತದೆ. ಚಕ್ರಗಳಿಗೆ ಸಣ್ಣ ಮೋಟಾರುಗಳು, ಆಯುಧಕ್ಕೆ ಆಟದ ವಿಮಾನದ ಮೋಟಾರು, ಶಕ್ತಿಗೆ ಲಿಥಿಯಂ ಪಾಲಿಮರ್ ಬ್ಯಾಟರಿ, ಕೈಯಲ್ಲಿ ರೇಡಿಯೋ ನಿಯಂತ್ರಕ: ಇಷ್ಟಿದ್ದರೆ ಮಲ್ಲ ಸಿದ್ಧ. ಆದರೆ ಆಯುಧವನ್ನು ಕಂಡು ಹಗುರಾಗಿ ಎಣಿಸಬಾರದು. 300 ಗ್ರಾಂ ತೂಕದ, 20 ಸೆಂಟಿಮೀಟರು ಉದ್ದದ ಒಂದು ಉಕ್ಕಿನ ಪಟ್ಟಿ ನಿಮಿಷಕ್ಕೆ 10,000 ಸುತ್ತು ತಿರುಗುತ್ತದೆಯೆಂದು ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 375 ಕಿಲೋಮೀಟರು. ಅದರಲ್ಲಿ ಸಂಗ್ರಹವಾದ ಶಕ್ತಿ ಸುಮಾರು 550 ಜೂಲು. ಗಂಟೆಗೆ 140 ಕಿಲೋಮೀಟರು ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನ ಶಕ್ತಿಗೆ ಇದು ನಾಲ್ಕು ಪಟ್ಟಿಗೂ ಮಿಗಿಲು. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. ಬ್ಯಾಟರಿಯೂ ಸಾಧುವಲ್ಲ, ಜಜ್ಜಿದರೆ, ಮಿತಿಮೀರಿ ವಿದ್ಯುತ್ತನ್ನು ತುಂಬಿದರೆ, ಹೊತ್ತಿ ಉರಿಯುತ್ತದೆ. ಇಷ್ಟೆಲ್ಲ ನಡೆಯುವುದು ಮಕ್ಕಳು ಮಲಗಿರುವ ಮನೆಯೊಳಗೆ.

ಹಾಗಿದ್ದೂ ಈ ಹವ್ಯಾಸ ಬಾಳಿ ಬಂದಿರುವುದು ಅದರ ನಿಯಮಗಳ ಬಲದಿಂದ. ಬ್ರಿಟನ್ನಿನಲ್ಲಿ 2003ರಲ್ಲಿ ರೂಪುಗೊಂಡ ಕಾದುವ ರೋಬಾಟುಗಳ ಸಂಘದ ಕಟ್ಟಳೆಗಳಲ್ಲಿ ಮೂರು ನನ್ನ ಮನಸ್ಸನ್ನು ಸೆಳೆದಿವೆ. ಮೊದಲನೆಯದಾಗಿ, ಯಂತ್ರದ ಹೊರಮೈಯಲ್ಲಿ ಸುಲಭವಾಗಿ ಕೈಗೆಟುಕುವಂತೆ ಒಂದು ವಿದ್ಯುತ್ ಕೊಂಡಿಯಿರಬೇಕು. ಅದನ್ನು ಕಿತ್ತೊಡನೆ ಇಡೀ ಯಂತ್ರ ನಿರ್ಜೀವವಾಗಬೇಕು. ಎರಡನೆಯದಾಗಿ, ಕಣದ ಹೊರಗೆ ಇರುವಷ್ಟು ಹೊತ್ತೂ ಆಯುಧ ಅಲುಗದಂತೆ ಅದಕ್ಕೆ ಅಗುಳಿ ತೊಡಿಸಿರಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ರೇಡಿಯೋ ಸಂಕೇತ ಕಡಿದುಹೋದರೆ ಯಂತ್ರ ತಾನಾಗಿಯೇ ನಿಲ್ಲಬೇಕು. ಪಂದ್ಯಕ್ಕೆ ಮುನ್ನ ಪರೀಕ್ಷಕನು ನಿಯಂತ್ರಕವನ್ನು ಆರಿಸುವಂತೆ ಹೇಳಿ ನೋಡುತ್ತಾನೆ. ಚಕ್ರವಾಗಲಿ ಆಯುಧವಾಗಲಿ ಚಲಿಸುತ್ತಲೇ ಇದ್ದರೆ, ತಿಂಗಳುಗಟ್ಟಲೆ ದುಡಿದು ಕಟ್ಟಿದ ಯಂತ್ರವಾದರೂ ಕಣಕ್ಕೆ ಇಳಿಯುವಂತಿಲ್ಲ. ಮನುಷ್ಯನ ಕೈ ತಪ್ಪಿದರೆ ಆಯುಧ ಸತ್ತಂತಿರಬೇಕು ಎಂಬುದು ಈ ಕಟ್ಟಳೆಯ ತಿರುಳು.

ಈಗ ಯುಕ್ರೇನಿನ ಕಡೆಗೆ ನೋಡೋಣ. 2022ರ ಫೆಬ್ರವರಿಯಲ್ಲಿ ರಷ್ಯ ಪೂರ್ಣಪ್ರಮಾಣದ ದಂಡಯಾತ್ರೆಯನ್ನು ಆರಂಭಿಸಿದ ತರುವಾಯ, ಅಲ್ಲಿನ ಸಾಮಾನ್ಯ ಗೃಹಸ್ಥರು ಮನೆಯ ಮೇಜುಗಳ ಮೇಲೆಯೇ ಸ್ಫೋಟಕ ಹೊರುವ ಸಣ್ಣ ಡ್ರೋನುಗಳನ್ನು ಜೋಡಿಸಿ ಸೈನ್ಯಕ್ಕೆ ಕಳುಹಿದರು. ಮೋಟಾರು, ಬ್ಯಾಟರಿ, ವೇಗನಿಯಂತ್ರಕ, ಬೆಸುಗೆಯ ಕಡ್ಡಿ, ಎಲ್ಲವೂ ಹವ್ಯಾಸಿ ಬಳಸುವ ಜಾತಿಯವೇ. ತಮ್ಮ ನೆಲವನ್ನು ಉಳಿಸಿಕೊಳ್ಳಲು ಹೊರಟವರನ್ನು ದೂರದಲ್ಲಿ ಕುಳಿತು ಹಳಿಯುವುದು ನ್ಯಾಯವಲ್ಲ. ಆದರೆ ಮುಂದೆ ನಡೆದುದನ್ನು ಗಮನಿಸಬೇಕು. ಎದುರಾಳಿಗಳು ರೇಡಿಯೋ ಸಂಕೇತವನ್ನು ಕೆಡಿಸುವ ಉಪಾಯವನ್ನು ಹೂಡಿದರು. ಡ್ರೋನುಗಳು ದಾರಿ ತಪ್ಪಿ ಬಿದ್ದವು. ಅದಕ್ಕೆ ಪ್ರತಿಯಾಗಿ ಎರಡು ಕಡೆಯವರೂ ಕೂದಲೆಳೆಯಂಥ ಗಾಜಿನ ತಂತಿಯನ್ನು ಬಿಚ್ಚುತ್ತ ಹಾರುವ ಡ್ರೋನುಗಳನ್ನು ತಂದರು. ಇನ್ನೊಂದು ಪ್ರತ್ಯುಪಾಯ ಹೆಚ್ಚು ಭಯಂಕರವಾದುದು. ಸಂಕೇತ ಕಡಿದುಹೋದರೂ ಕ್ಯಾಮರದ ಕಣ್ಣಿನಿಂದ ಗುರಿಯನ್ನು ಹಿಡಿದು, ಕಡೆಯ ಹಾದಿಯನ್ನು ಯಂತ್ರವೇ ಕ್ರಮಿಸಿ ಎರಗುವಂತೆ ಅದಕ್ಕೆ ಬುದ್ಧಿ ಕಲಿಸಲಾಯಿತು. ಆಟದ ಕಟ್ಟಳೆ ಇಲ್ಲಿ ತಲೆಕೆಳಗಾಗಿದೆ. ಅಲ್ಲಿ ಸಂಕೇತ ಕಡಿದರೆ ನಿಲ್ಲಬೇಕು. ಇಲ್ಲಿ ಸಂಕೇತ ಕಡಿದರೂ ನಿಲ್ಲಕೂಡದು. ಒಂದೇ ಬಗೆಯ ಬಿಡಿಭಾಗಗಳಿಂದ ಹುಟ್ಟಿದ ಎರಡು ಯಂತ್ರಗಳ ನಡುವಣ ಅಂತರವೆಲ್ಲ ಈ ಒಂದು ವಾಕ್ಯದಲ್ಲಿದೆ.

ಆಟವನ್ನು ಬಲ್ಲವರಿಗೆ ಈ ಅಂತರ ತಿಳಿಯದೆ ಹೋಗಿಲ್ಲ. ಬಿ.ಬಿ.ಸಿ.ಯ ‘ರೋಬಾಟ್ ವಾರ್ಸ್’ನಲ್ಲಿ ತೀರ್ಪುಗಾರರಾಗಿ ಪ್ರಸಿದ್ಧರಾದ ಶೆಫೀಲ್ಡ್ ವಿಶ್ವವಿದ್ಯಾಲಯದ ನೋಯೆಲ್ ಶಾರ್ಕಿ, ಸ್ವಯಂಚಾಲಿತ ಮಾರಕಾಸ್ತ್ರಗಳ ವಿರುದ್ಧ ದನಿಯೆತ್ತಿದವರಲ್ಲಿ ಮುಂದಾಳು, 2009ರಲ್ಲಿ ಇದಕ್ಕಾಗಿಯೇ ಒಂದು ಅಂತರರಾಷ್ಟ್ರೀಯ ಸಮಿತಿಯನ್ನು ಕಟ್ಟಿದವರಲ್ಲಿ ಒಬ್ಬರು. ಕಾದುವ ಯಂತ್ರಗಳನ್ನು ಮೆಚ್ಚಿ ಅಂಕ ಕೊಟ್ಟವರೇ ಕೊಲ್ಲುವ ಯಂತ್ರಗಳನ್ನು ತಡೆಯಲು ಹೊರಟದ್ದನ್ನು ವಿರೋಧಾಭಾಸವೆಂದು ಕೆಲವರು ಬಗೆದಾರು. ಕೊಂಡಿಯ ಬೆಲೆಯನ್ನು ಕಣ್ಣಾರೆ ಕಂಡವರಿಗೆ ಅದು ಸಹಜವಾದ ಮಾರ್ಗವೆಂದೇ ನನ್ನ ಎಣಿಕೆ.

2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಇಂಥ ಆಯುಧಗಳ ವಿಷಯದಲ್ಲಿ ರಾಷ್ಟ್ರಗಳ ಅಭಿಪ್ರಾಯವನ್ನು ಸಂಗ್ರಹಿಸಬೇಕೆಂಬ ನಿರ್ಣಯವನ್ನು ಅಂಗೀಕರಿಸಿತು. 152 ರಾಷ್ಟ್ರಗಳು ಪರವಾಗಿ, ನಾಲ್ಕು ವಿರುದ್ಧವಾಗಿ ಮತ ನೀಡಿದವು. ಆ ನಾಲ್ಕರಲ್ಲಿ ಭಾರತವೂ ಒಂದು. ಜಿನೀವಾದಲ್ಲಿ ಬೇರೊಂದು ಒಡಂಬಡಿಕೆಯ ಅಡಿಯಲ್ಲಿ ಚರ್ಚೆ ನಡೆದಿರುವಾಗ ಎರಡನೆಯ ವೇದಿಕೆ ಏತಕ್ಕೆಂಬುದು ನಮ್ಮ ಸರ್ಕಾರದ ವಾದವಾಗಿತ್ತು. ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಗಡಿಯಲ್ಲಿ ಅಪಾಯವಿರುವ ದೇಶ ತನ್ನ ಕೈಗಳನ್ನು ತಾನೇ ಕಟ್ಟಿಕೊಳ್ಳಲು ಹಿಂಜರಿಯುವುದು ಸಹಜ. ಆದರೆ ಜಿನೀವಾದ ಸಭೆಯಲ್ಲಿ ನಿರ್ಧಾರಕ್ಕೆ ಎಲ್ಲರ ಸಮ್ಮತಿ ಬೇಕು. ಒಬ್ಬರು ಒಲ್ಲೆನೆಂದರೆ ತೇರು ಕದಲುವುದಿಲ್ಲ. ಮಾತು ನಡೆಯುತ್ತಿರುವಷ್ಟು ಕಾಲವೂ ಯಂತ್ರ ಕಲಿಯುತ್ತಲೇ ಇರುತ್ತದೆ.

ಈ ಪ್ರಶ್ನೆ ನಮಗೆ ಹೊಸದಲ್ಲ. ಮಹಾಭಾರತದ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನೂ ಅರ್ಜುನನೂ ಒಂದೇ ಅಸ್ತ್ರವನ್ನು ಬಿಟ್ಟರು. ಲೋಕ ಉರಿದೀತೆಂದು ವ್ಯಾಸನಾರದರು ನಡುವೆ ಬಂದು ನಿಂತಾಗ ಅರ್ಜುನನು ತನ್ನ ಅಸ್ತ್ರವನ್ನು ಉಪಸಂಹರಿಸಿದನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ. ಅವನ ಅಸ್ತ್ರ ಉತ್ತರೆಯ ಗರ್ಭವನ್ನು ಹುಡುಕಿಕೊಂಡು ಹೋಯಿತು. ಇಬ್ಬರೂ ಒಬ್ಬನೇ ಗುರುವಿನ ಶಿಷ್ಯರು; ಬಿಡುವ ವಿದ್ಯೆಯಲ್ಲಿ ಯಾರೂ ಕಡಮೆಯಿರಲಿಲ್ಲ. ಹಿಂದಕ್ಕೆ ಕರೆಯುವ ಶಕ್ತಿ ಮಾತ್ರ ಒಬ್ಬನಲ್ಲಿತ್ತು, ಇನ್ನೊಬ್ಬನಲ್ಲಿರಲಿಲ್ಲ.

ಆದುದರಿಂದ ನಮ್ಮ ಹುಡುಗರು ಕಾದುವ ಯಂತ್ರಗಳನ್ನು ಕಟ್ಟುತ್ತಾರೆಂದು ಹಿರಿಯರು ಬೆದರಬೇಕಿಲ್ಲ. ಕಟ್ಟಲಿ, ಆಯುಧದ ವೇಗಕ್ಕೆ ಮಾರುಹೋಗುವ ಮೊದಲು, ಕೊಂಡಿ ಎಲ್ಲಿದೆ, ಸಂಕೇತ ಕಡಿದರೆ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವ ಅಭ್ಯಾಸವಾಗಲಿ. ಅವರಲ್ಲಿ ಕೆಲವರು ನಾಳೆ ಸೈನ್ಯದ ಪ್ರಯೋಗಶಾಲೆಗಳಲ್ಲಿ ದುಡಿಯುವವರು. ಆಗ ಅವರ ಮೇಲಧಿಕಾರಿ ನಿಲ್ಲದ ಯಂತ್ರವನ್ನು ಕೇಳಬಹುದು. ಆ ಎರಡು ಪ್ರಶ್ನೆಗಳನ್ನು ಅಲ್ಲಿಯೂ ಎತ್ತುವ ಎದೆಗಾರಿಕೆ ಅವರಿಗಿರಬೇಕು. ಎತ್ತಿದವರನ್ನು ಕಾಯುವ ಕಟ್ಟಳೆ ದೇಶದಲ್ಲಿರಬೇಕು.