ಸೊಳ್ಳೆಯ ಅಧ್ಯಯನ ಹಿಂಸೆಯೇ?

ಗುಡೂರಿನ ಸುತ್ತಮುತ್ತ ಹಳ್ಳದ ದಂಡೆಯಲ್ಲೂ ಬೀಳುಬಿಟ್ಟ ಹೊಲದಲ್ಲೂ ಬೇರೂರಿರುವ ಬಳ್ಳಾರಿ ಜಾಲಿಯು ಈ ನೆಲದ್ದಲ್ಲ. ಅಮೆರಿಕಾ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಈ ಮುಳ್ಳುಗಿಡ ಆಫ್ರಿಕಾದ ಒಣನಾಡುಗಳನ್ನೂ ಆವರಿಸಿದೆ. ಇಂತಹ ಆಗಂತುಕ ಜೀವಿಗಳಿಗೂ ಸಾಂಕ್ರಾಮಿಕ ರೋಗಗಳಿಗೂ ಇರುವ ನಂಟನ್ನರಿಯಲು ಸ್ನಾತಕೋತ್ತರ ವಿದ್ಯಾರ್ಥಿಗಳು ಪರದೇಶದ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುತ್ತಾರೆ. ಸೊಳ್ಳೆಯನ್ನು ಹಿಡಿದು ಕೊಂದು ಸೂಕ್ಷ್ಮದರ್ಶಕದಡಿ ಸೀಳುವುದು ಶ್ರಾವಕರ ಮಕ್ಕಳಿಗೆ ತಕ್ಕ ವಿದ್ಯೆಯಲ್ಲವೆಂಬ ಆಕ್ಷೇಪ ಇದಕ್ಕೆ ಎದುರಾಗುತ್ತದೆ. ಹಾಗೆ ಆಕ್ಷೇಪಿಸುವ ಮನೆಗಳಲ್ಲಿಯೂ ಸಂಜೆಯಾದೊಡನೆ ಸೊಳ್ಳೆಬತ್ತಿ ಹೊಗೆಯಾಡುತ್ತದೆ; ಅದಕ್ಕೆ ಬಲಿಯಾದ ಚತುರಿಂದ್ರಿಯ ಜೀವಗಳೆಷ್ಟೆಂದು ಬೆಳಗ್ಗೆ ಯಾರೂ ಎಣಿಸುವುದಿಲ್ಲ.

ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಕುಗ್ಗಿಸುತ್ತ ಬರಬೇಕು. ಸಂಶೋಧಕನು ತಿಳಿದೇ ಕೊಲ್ಲುತ್ತಾನಲ್ಲ ಎಂಬ ವಾದ ಹಗುರವಾದುದಲ್ಲ. ಆದರೆ ಎಲ್ಲಿ, ಎಷ್ಟು, ಏಕೆ ಎಂದು ಅರಿಯದೆ ಹಿಂಸೆಯನ್ನು ಕುಗ್ಗಿಸುವುದಾದರೂ ಹೇಗೆ?

ಮಾಲಿ ದೇಶದ ಬಾಂಡಿಯಾಗರಾ ಪ್ರದೇಶದ 9 ಹಳ್ಳಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ನೋಡಬಹುದು. 6 ಹಳ್ಳಿಗಳಲ್ಲಿ ಇದೇ ಜಾಲಿಯಿತ್ತು. ಅವುಗಳ ಪೈಕಿ 3ರಲ್ಲಿ ಹೂಬಿಟ್ಟ ಕೊಂಬೆಗಳನ್ನಷ್ಟೇ ಕತ್ತರಿಸಲಾಯಿತು. ಬಲೆಗೆ ಬೀಳುವ ಸೊಳ್ಳೆಗಳು ಸುಮಾರು ಶೇ. 69ರಷ್ಟು ಇಳಿದವು, ವಯಸ್ಸಾದ ಹೆಣ್ಣುಸೊಳ್ಳೆಗಳಂತೂ ವಿರಳವಾದವು. ಸೊಳ್ಳೆಯ ಬದುಕು ಹೂವಿನ ಮಕರಂದದ ಬಲದಿಂದ ಸಾಗುತ್ತದೆ. ಹೆಣ್ಣಿಗೆ ರಕ್ತ ಬೇಕಾಗುವುದು ಮೊಟ್ಟೆಯ ಸಲುವಾಗಿ. ಮಲೇರಿಯಾದ ಪರಾವಲಂಬಿಯು ಅದರ ಒಡಲಲ್ಲಿ ಪಕ್ವವಾಗಲು ಹತ್ತು ಹನ್ನೆರಡು ದಿನಗಳಾದರೂ ಹಿಡಿಯುತ್ತವೆ. ಅಷ್ಟು ದಿನ ಬಾಳದ ಸೊಳ್ಳೆ ರೋಗವನ್ನು ಹರಡಲಾರದು. ಕತ್ತರಿಸಿದ ಏಕೇಂದ್ರಿಯ ಕೊಂಬೆಯಲ್ಲೂ ಹಸಿದು ಸಾಯುವ ಸೊಳ್ಳೆಯಲ್ಲೂ ಹಿಂಸೆಯಿಲ್ಲವೆಂದು ಯಾರೂ ಸಾಧಿಸಬೇಕಾಗಿಲ್ಲ. ಊರೆಲ್ಲ ವಿಷ ಸಿಂಪಡಿಸಿ ಕಂಡ ಕೀಟವನ್ನೆಲ್ಲ ಕೊಲ್ಲುವುದಕ್ಕಿಂತ ಅದು ಕಡಿಮೆ. ಆ ದಾರಿ ತೋರಿದ್ದು ಕ್ಷೇತ್ರಕಾರ್ಯವೇ.

ಪರದೇಶದ ರೋಗದ ಚಿಂತೆ ಇಲ್ಲಿಯವರಿಗೇಕೆ ಎನ್ನುವವರೂ ಉಂಟು. ಡೆಂಗಿ, ಚಿಕುನ್‌ಗುನ್ಯಗಳನ್ನು ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಮೂಲತಃ ಆಫ್ರಿಕಾದ್ದು. 2006ರಲ್ಲಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಜನ ಕೀಲುನೋವಿನಿಂದ ಹಾಸಿಗೆ ಹಿಡಿದದ್ದು ಇನ್ನೂ ಮರೆತಿಲ್ಲ. ಭಾರತದ ನಗರಗಳ ನೀರಿನ ತೊಟ್ಟಿಗಳಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿಯೋ 2012ರಲ್ಲಿ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯದಲ್ಲಿ ಕಾಣಿಸಿಕೊಂಡು ಅಲ್ಲಿನ ಪಟ್ಟಣಗಳಿಗೆ ಹೊಸ ಭೀತಿಯನ್ನು ತಂದಿತು.

ಈ ವಿದ್ಯೆಯಲ್ಲಿ ಪ್ರಶ್ನಿಸಬೇಕಾದದ್ದು ಬೇರೆಯೇ ಇದೆ. ರಾತ್ರಿಯಿಡೀ ಬರಿಗಾಲು ಚಾಚಿ ಕುಳಿತು, ಮೇಲೆ ಕೂರುವ ಸೊಳ್ಳೆಯನ್ನು ಕಚ್ಚುವ ಮೊದಲೇ ಹಿಡಿಯುವ ಕ್ರಮವೊಂದು ಮಲೇರಿಯಾ ಅಧ್ಯಯನಗಳಲ್ಲಿ ರೂಢಿಯಲ್ಲಿದೆ. ಹಾಗೆ ಕುಳಿತುಕೊಳ್ಳುವವರು ಹಲವೆಡೆ ಕೂಲಿಗೆ ಬಂದ ಸ್ಥಳೀಯ ಬಡವರು. ಪಂಚೇಂದ್ರಿಯ ಜೀವವನ್ನೇ ಎರೆಯಾಗಿಸುವ ಈ ಪದ್ಧತಿಯ ಬಗ್ಗೆ ಮಾತ್ರ ಆಕ್ಷೇಪಕರು ಸುಮ್ಮನಿರುತ್ತಾರೆ. ವಿದ್ಯಾರ್ಥಿವೇತನ ನೀಡುವ ಬಸದಿಯ ಟ್ರಸ್ಟುಗಳು ಸೊಳ್ಳೆಯ ಹೆಸರು ಕೇಳಿದೊಡನೆ ಅರ್ಜಿಯನ್ನು ಬದಿಗಿಡುವ ಬದಲು, ಅಲ್ಲಿ ಕಾಲು ಚಾಚುವವರು ಯಾರು, ಅವರು ಒಪ್ಪಿದ್ದಾರೆಯೇ, ಜ್ವರ ಬಂದರೆ ಔಷಧ ಕೊಡುವವರು ಯಾರು, ಕಂಡುಕೊಂಡದ್ದನ್ನು ಅವರ ಭಾಷೆಯಲ್ಲಿ ಅವರಿಗೆ ತಿಳಿಸುವ ಏರ್ಪಾಡು ಇದೆಯೇ ಎಂದು ಕೇಳಲಿ. ಉತ್ತರ ಸಮರ್ಪಕವಾಗಿದ್ದರೆ ಹಣವನ್ನು ಮಂಜೂರು ಮಾಡಲಿ.