ಹಡಗು ಬಿಡಲಾಗದ ರಾಬರ್ಟ್ಸ್ ಮತ್ತು ನಮ್ಮ ಬಿಡಿ ಪಾಠಗಳು

ಅಭ್ಯಾಸ ಬೋಧನೆಯ ಪಾಠಗಳನ್ನು ಒಂದು ಈ ತರಗತಿಗೆ, ಇನ್ನೊಂದು ಆ ತರಗತಿಗೆ ಎಂದು ಬಿಡಿಬಿಡಿಯಾಗಿ ಹಂಚುವುದನ್ನು ನಿಲ್ಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಹೇಳಲು ಅಮೆರಿಕದ ಒಂದು ಹಳೆಯ ಟಿ.ವಿ. ಹಾಸ್ಯ ಧಾರಾವಾಹಿಯನ್ನು ಹಿಡಿದಿದ್ದೇನೆ. ಒಂಬತ್ತನೇ ತರಗತಿಯ ತೇಲುವಿಕೆಯ ಪಾಠಕ್ಕಾಗಿ ಹಡಗುಗಳ ಬಗ್ಗೆ ಓದುವಾಗ ಅದರ ವಿಷಯ ಸಿಕ್ಕಿತು. ಸೈದಾಪುರಕ್ಕೆ ಸಮುದ್ರ ಬಹಳ ದೂರ. ಆದರೂ ಹೋಲಿಕೆ ಹತ್ತಿರದ್ದೇ.

ಧಾರಾವಾಹಿಯ ಹೆಸರು ‘ಮಿಸ್ಟರ್ ರಾಬರ್ಟ್ಸ್’. 1965ರಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಶುರುವಾಗಿ ಮರುವರ್ಷವೇ ನಿಂತಿತು. ಬಂದದ್ದು 30 ಕಂತು. ಮೂಲ ಕಥೆ ಥಾಮಸ್ ಹೆಗೆನ್ ಅವರ 1946ರ ಕಾದಂಬರಿ. ಎರಡನೇ ಮಹಾಯುದ್ಧದಲ್ಲಿ ಹೆಗೆನ್ ಸ್ವತಃ ನೌಕಾಪಡೆಯ ಸರಕು ಹಡಗಿನಲ್ಲಿ ಇದ್ದವರು. 1948ರ ನಾಟಕವೂ 1955ರ ಸಿನಿಮಾವೂ ಗೆದ್ದವು. ಎರಡರಲ್ಲೂ ಹೆನ್ರಿ ಫೋಂಡಾ ರಾಬರ್ಟ್ಸ್. ಅದೇ ಹಡಗು, ಅದೇ ಜನ ಟಿ.ವಿ.ಯಲ್ಲಿ ಮಾತ್ರ ಒಂದೇ ವರ್ಷಕ್ಕೆ ಮುಗಿದದ್ದು ಏಕೆ?

ಕಥೆ ನೋಡಿ. ಹಡಗು ಪೆಸಿಫಿಕ್ ಸಾಗರದಲ್ಲಿ, ಕಾಳಗದಿಂದ ದೂರ, ಸರಕು ಸಾಗಿಸುತ್ತಾ ತಿರುಗುತ್ತದೆ. ರಾಬರ್ಟ್ಸ್‌ಗೆ ಯುದ್ಧದ ಹಡಗಿಗೆ ಹೋಗುವ ಆಸೆ. ವರ್ಗಾವಣೆಗೆ ಅರ್ಜಿ ಬರೆಯುತ್ತಲೇ ಇರುತ್ತಾನೆ. ಕ್ಯಾಪ್ಟನ್ ಬಿಡುವುದಿಲ್ಲ. ನಾವಿಕರಿಗೆ ಒಂದು ದಿನ ದಡಕ್ಕಿಳಿಯಲು ಅನುಮತಿ ಸಿಗಲಿ ಎಂದು ಅರ್ಜಿ ಬರೆಯುವುದನ್ನೇ ಬಿಡಲು ಒಪ್ಪುತ್ತಾನೆ. ಕೊನೆಗೆ ನಾವಿಕರು ಕ್ಯಾಪ್ಟನ್‌ನ ಖೋಟಾ ಸಹಿ ಹಾಕಿ ಅವನನ್ನು ಕಳಿಸುತ್ತಾರೆ. ಸ್ವಲ್ಪ ದಿನಕ್ಕೆ ಅವನು ಸತ್ತ ಸುದ್ದಿ ಬರುತ್ತದೆ. ಅಲ್ಲಿಯವರೆಗಿನ ನಗೆಗೆಲ್ಲ ತೂಕ ಬರುವುದು ಇದರಿಂದ.

ವಾರವಾರದ ಧಾರಾವಾಹಿಯಲ್ಲಿ ರಾಬರ್ಟ್ಸ್ ಹೊರಟರೆ ಧಾರಾವಾಹಿಯೇ ಮುಗಿಯಿತು. ಹಾಗಾಗಿ ಅವನು ಹೊರಡುವಂತಿಲ್ಲ. ಈ ವಾರ ಕ್ಯಾಪ್ಟನ್ ಜೊತೆ ಒಂದು ತಕರಾರು, ಒಂದು ಉಪಾಯ. ಮುಂದಿನ ವಾರ ಮತ್ತೆ ಮೊದಲಿನಂತೆ. ಕಥೆಯ ಬೇರು ಕಡಿದದ್ದು ಅಲ್ಲೇ ಎಂದು ನನಗನ್ನಿಸುತ್ತದೆ. ಅದೇ ಕಾಲದ ‘ಮೆಕ್‌ಹೇಲ್ಸ್ ನೇವಿ’ 1962ರಿಂದ 1966ರವರೆಗೆ ಓಡಲಿಲ್ಲವೇ ಎನ್ನಬಹುದು. ಓಡಿತು, ಆದರೆ ಅದರ ಜನಕ್ಕೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಇದ್ದಲ್ಲೇ ಮಜವಾಗಿದ್ದರು. ನಮ್ಮ ದೂರದರ್ಶನದ ‘ಫೌಜಿ’ (1989) 13 ಕಂತಿನಷ್ಟು ಚಿಕ್ಕದು. ಆದರೆ ತರಬೇತಿಗೆ ಬಂದ ಹುಡುಗರು ಹೊರಬೀಳುವಾಗ ಬೇರೆಯೇ ಆಗಿರುತ್ತಾರೆ.

ನಮ್ಮ ಪಾಠಗಳು ರಾಬರ್ಟ್ಸ್‌ನ ಕಂತುಗಳಂತೆ. ಪ್ರತಿ ಪಾಠಕ್ಕೂ ಹೊಸ ಪೀಠಿಕೆ, ಹೊಸ ಚಾರ್ಟು, ಮೌಲ್ಯಮಾಪನದ ಪ್ರಶ್ನೆ, ವೀಕ್ಷಕರ ಸಹಿ. ತೇಲುವಿಕೆಯ ಪಾಠ ಮುಗಿಸಿ ಬೋರ್ಡು ಒರೆಸುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು: “ಸರ್, ಉಪ್ಪು ನೀರಾಗ ಹಡಗ ಇನ್ನಷ್ಟ ಮ್ಯಾಲ ತೇಲತೈತೇನ್ರಿ?” ಆ ದಿನದ ಪಾಠಕ್ಕಿಂತ ದೊಡ್ಡ ಪ್ರಶ್ನೆ ಅದು. ಸಿಹಿನೀರು ಲೀಟರಿಗೆ ಸುಮಾರು 1000 ಗ್ರಾಂ, ಸಮುದ್ರದ ನೀರು ಸುಮಾರು 1025 ಗ್ರಾಂ. ಆದ್ದರಿಂದ ಅದೇ ಹಡಗು ಸಮುದ್ರದಲ್ಲಿ ಕಡಿಮೆ ನೀರನ್ನು ಸರಿಸಿ, ತುಸು ಮೇಲೆ ನಿಲ್ಲುತ್ತದೆ. ಎರಡು ಲೋಟ, ಎರಡು ತತ್ತಿ, ಒಂದು ಹಿಡಿ ಉಪ್ಪು ಇದ್ದರೆ ಮಕ್ಕಳೇ ಕಂಡುಕೊಳ್ಳುತ್ತಿದ್ದರು. ಆದರೆ ಮರುದಿನ ನನಗೆ ಎಂಟನೇ ತರಗತಿ, ಬೇರೆ ವಿಷಯ. ಒಂಬತ್ತಕ್ಕೆ ಹೋದ ಗೆಳೆಯನ ಪಾಠ ಯೋಜನೆಗೆ ಆಗಲೇ ಸಹಿ ಆಗಿತ್ತು.

ಶಾಲೆಯವರ ಕಷ್ಟ ಗೊತ್ತು. ಪಠ್ಯ ಮುಗಿಸಬೇಕು, ಪರೀಕ್ಷೆ ಹತ್ತಿರ, ಇಡೀ ಘಟಕವನ್ನು ಪ್ರಶಿಕ್ಷಣಾರ್ಥಿಯ ಕೈಗೆ ಕೊಡಲು ಅಂಜಿಕೆ. ಮಾರ್ಗದರ್ಶಕರೂ ಎಲ್ಲ ಪಾಠ ನೋಡಲಾರರು. ಆದರೆ ಸಮಯವಿಲ್ಲ ಎನ್ನುವಂತಿಲ್ಲ: ಎನ್‌ಸಿಟಿಇಯ 2014ರ ನಿಯಮ ಎರಡು ವರ್ಷದ ಬಿ.ಎಡ್.ಗೇ 20 ವಾರ ಇಂಟರ್ನ್‌ಶಿಪ್ ಕೇಳುತ್ತದೆ. ಅದರೊಳಗೆ ಒಬ್ಬೊಬ್ಬರಿಗೆ ಒಂದೇ ತರಗತಿಯಲ್ಲಿ ಸಾಲಾಗಿ ಐದು ಪಿರಿಯಡ್ ಕೊಟ್ಟರೂ ಸಾಕು. ಮಾರ್ಗದರ್ಶಕರು ಮೊದಲನೆಯದನ್ನೂ ಕೊನೆಯದನ್ನೂ ನೋಡಲಿ. ನಡುವಿನ ಮೂರಕ್ಕೆ ಮಕ್ಕಳು ಕೇಳಿದ ಪ್ರಶ್ನೆ, ಮರುದಿನ ನಾವು ಮಾಡಿದ ಬದಲಾವಣೆ ಇಷ್ಟನ್ನೇ ಬರೆದುಕೊಡುತ್ತೇವೆ. ಮುಂದಿನ ಸುತ್ತಿನ ವೇಳಾಪಟ್ಟಿ ಹಾಕುವ ಮೊದಲು ಉಪನ್ಯಾಸಕರು ಇದನ್ನು ಚರ್ಚೆಗೆ ತೆಗೆದುಕೊಳ್ಳಲಿ.