ವೈಫೈ ಕಂಟ್ರೋಲರ್ ಯಾವ ರೂಮಿನಲ್ಲಿರಬೇಕು?

ಕಾಲೇಜು ಕ್ಯಾಂಪಸ್ಸಿಗೆ ವೈಫೈ ಹಾಕಿಸೋ ಮಾತು ಬಂದಾಗ ಎಲ್ಲರೂ ಕೇಳೋದು ಎಷ್ಟು ಆಕ್ಸೆಸ್ ಪಾಯಿಂಟ್, ಯಾವ ಕಂಪನಿ, ಎಷ್ಟು ರೇಟು ಅಂತ. ಅವನ್ನೆಲ್ಲ ಆಳೋ ಕಂಟ್ರೋಲರ್ ಎಲ್ಲಿಡೋಣ ಅನ್ನೋದು ಊಟ ಮುಗಿದು ಎಲೆ ಎತ್ತೋ ಹೊತ್ತಿಗೆ ಬರೋ ಪ್ರಶ್ನೆ. "ಆ ರೂಮಲ್ಲಿ ರ‍್ಯಾಕ್ ಖಾಲಿ ಇದೆಯಲ್ಲ, ಅಲ್ಲೇ ಇಡಿ" ಅಂದ್ರೆ ತೀರ್ಮಾನ ಆಯ್ತು. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಂತ್ರಿಕ ಕೊರೆತ ಇದೆ, ಸಹಿಸಿಕೊಳ್ಳಿ :)

ಶುರುವಿನಲ್ಲಿ ಕಂಟ್ರೋಲರ್ ಅನ್ನೋದೇ ಇರಲಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 1993ರಲ್ಲಿ ‘ವೈರ್‌ಲೆಸ್ ಆಂಡ್ರೂ’ ಯೋಜನೆ ಕೈಗೆತ್ತಿಕೊಂಡಾಗ ಪ್ರತಿ ಆಕ್ಸೆಸ್ ಪಾಯಿಂಟೂ ತನ್ನ ಬುದ್ಧಿ ತಾನೇ ಇಟ್ಟುಕೊಂಡಿತ್ತು. ಹತ್ತಿಪ್ಪತ್ತು ಇದ್ದರೆ ಸರಿ, ಮುನ್ನೂರಾದರೆ ಒಂದೊಂದಕ್ಕೂ ಲಾಗಿನ್ ಆಗಿ ಪಾಸ್‌ವರ್ಡ್ ಬದಲಿಸೋನ ಗತಿ ದೇವರೇ ಬಲ್ಲ. ಹಾಗಾಗಿ ಬುದ್ಧಿಯನ್ನೆಲ್ಲ ಒಂದು ಪೆಟ್ಟಿಗೆಗೆ ತಂದರು. ಆ ಬಗೆಯ ಪೆಟ್ಟಿಗೆ ಮಾಡುತ್ತಿದ್ದ ಏರ್‌ಸ್ಪೇಸ್ ಕಂಪನಿಯನ್ನು ಸಿಸ್ಕೋ 2005ರಲ್ಲಿ ಕೊಂಡುಕೊಂಡಿತು. 2009ರಲ್ಲಿ ಕ್ಯಾಪ್‌ವ್ಯಾಪ್ ಅನ್ನೋ ಪ್ರೋಟೋಕಾಲ್ ಆರ್‌ಎಫ್‌ಸಿ 5415 ಆಗಿ ಹೊರಬಂತು. ಆಕ್ಸೆಸ್ ಪಾಯಿಂಟಿನಿಂದ ಕಂಟ್ರೋಲರ್‌ವರೆಗೆ ಎರಡು ಸುರಂಗ: ಯುಡಿಪಿ 5246ರಲ್ಲಿ ಆಜ್ಞೆಗಳು, 5247ರಲ್ಲಿ ಬಳಕೆದಾರರ ಡೇಟಾ.

ಈ ಎರಡನೇ ಸುರಂಗದಲ್ಲೇ ಇರೋದು ವಿಷಯ. ಹಾಸ್ಟೆಲ್ ಹುಡುಗ ನೋಡೋ ವಿಡಿಯೋದ ಪ್ರತಿ ಪ್ಯಾಕೆಟ್ಟೂ ಕಂಟ್ರೋಲರ್ ಇರೋ ರೂಮಿಗೆ ಹೋಗಿಯೇ ಮುಂದಕ್ಕೆ ಹೋಗಬೇಕು. ಅಂದ್ರೆ ಪೆಟ್ಟಿಗೆ ಇಟ್ಟ ಜಾಗ ಇಡೀ ಕ್ಯಾಂಪಸ್ಸಿನ ಬಸ್ ಸ್ಟ್ಯಾಂಡ್ ಆಗುತ್ತೆ. ಬಸ್ ಸ್ಟ್ಯಾಂಡನ್ನು ಊರ ಮೂಲೆಯಲ್ಲಿ, ಸಂದಿಯೊಳಗೆ ಕಟ್ಟಿದರೆ ಏನಾಗುತ್ತೆ ಅಂತ ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ.

ನನಗೆ ಗೊತ್ತಿರೋ ಒಂದು ಕಾಲೇಜಿನಲ್ಲಿ ಆಗಿದ್ದು ಇದೇ. ಕಂಪ್ಯೂಟರ್ ಸೈನ್ಸ್ ವಿಭಾಗದವರು "ನೋಡಿಕೊಳ್ಳೋರು ನಾವೇ ತಾನೇ" ಅಂತ ತಮ್ಮ ಲ್ಯಾಬಿನಲ್ಲೇ ಕಂಟ್ರೋಲರ್ ಇಟ್ಟುಕೊಂಡರು. ಇಂಟರ್ನೆಟ್ ಬರೋದು ಮಾತ್ರ ಆಡಳಿತ ಕಟ್ಟಡದ ಕೋರ್ ಸ್ವಿಚ್ಚಿಗೆ. ಹಾಗಾಗಿ ಹಾಸ್ಟೆಲ್ಲಿನ ಪ್ಯಾಕೆಟ್ ಕೋರ್‌ಗೆ ಬಂದು, ಲ್ಯಾಬಿಗೆ ಹೋಗಿ, ಮತ್ತೆ ಕೋರ್‌ಗೆ ಬಂದು ಹೊರಗೆ ಹೋಗಬೇಕು. ವಾಪಸ್ ಬರುವಾಗಲೂ ಅದೇ ಪ್ರದಕ್ಷಿಣೆ. ಲೆಕ್ಕ ಹಾಕಿ: ಒಂದು ಹಾಸ್ಟೆಲ್ಲಿನಲ್ಲಿ 40 ಆಕ್ಸೆಸ್ ಪಾಯಿಂಟ್, ರಾತ್ರಿ ಹತ್ತಕ್ಕೆ ಒಂದೊಂದರಲ್ಲಿ 30 ಎಂಬಿಪಿಎಸ್ ಅಂದ್ರೂ 1200 ಎಂಬಿಪಿಎಸ್. ವಿಭಾಗದ ಫೈಬರ್ ಲಿಂಕು 1000ದ್ದು. ಒಂದೇ ಹಾಸ್ಟೆಲ್ಲಿಗೆ ಕತ್ತು ಹಿಸುಕಿದ ಹಾಗಾಯ್ತು. ಇದರ ಮೇಲೆ ಒಂದು ಭಾನುವಾರ ವೈರಿಂಗ್ ರಿಪೇರಿಗೆ ಅಂತ ಆ ವಿಭಾಗದ ಕರೆಂಟ್ ತೆಗೆದರು. ಇಡೀ ಕ್ಯಾಂಪಸ್ಸಿನ ವೈಫೈ ಸತ್ತಿತು. ಅವತ್ತು ಕೆಲಸಕ್ಕೆ ಅಂತ ಆನ್‌ಲೈನ್ ಟೆಸ್ಟ್ ಬರೆಯುತ್ತಿದ್ದ ಹುಡುಗರು ಹಾಸ್ಟೆಲ್ಲಿನಲ್ಲಿದ್ದರು. ಬೈಸಿಕೊಂಡದ್ದು ಯಾರು? ಮೇನ್ ಸ್ವಿಚ್ ಆಫ್ ಮಾಡಿದ ಅಟೆಂಡರ್. ಆ ಸ್ವಿಚ್ಚಿಗೂ ಹಾಸ್ಟೆಲ್ಲಿನ ವೈಫೈಗೂ ಸಂಬಂಧ ಇದೆ ಅಂತ ಆತನಿಗೆ ಯಾರೂ ಹೇಳಿರಲಿಲ್ಲ.

ಇದಕ್ಕೆ ಕೆಲವರು ಕೊಡೋ ಪರಿಹಾರ ಕಟ್ಟಡಕ್ಕೊಂದು ಚಿಕ್ಕ ಕಂಟ್ರೋಲರ್ ಇಡೋದು. ಒಂದು ಸತ್ತರೆ ಒಂದೇ ಕಟ್ಟಡ ಹೋಗುತ್ತೆ ಅನ್ನೋ ವಾದ ಕೇಳೋಕೆ ಚೆನ್ನಾಗಿದೆ. ಆದರೆ ಲೈಬ್ರರಿಯಿಂದ ಮಾತಾಡುತ್ತಾ ಕ್ಯಾಂಟೀನಿಗೆ ನಡೆದು ಹೋಗೋ ಹುಡುಗಿಯ ಫೋನ್ ಕರೆ ಒಂದು ಕಂಟ್ರೋಲರ್‌ನಿಂದ ಇನ್ನೊಂದಕ್ಕೆ ದಾಟಬೇಕು. ಎರಡೂ ಕಡೆ ಐಪಿ ವಿಳಾಸದ ಜಾಲ ಬೇರೆಯಾದರೆ ಹಳೆಯ ಕಂಟ್ರೋಲರ್ ‘ಲಂಗರು’ ಆಗಿ ನಿಂತು, ಅವಳ ಡೇಟಾ ಎರಡರ ನಡುವಿನ ಮತ್ತೊಂದು ಸುರಂಗದಲ್ಲಿ ಓಡಾಡುತ್ತೆ. ತಪ್ಪಿಸಿಕೊಳ್ಳೋಕೆ ಹೋದ ಪ್ರದಕ್ಷಿಣೆ ಹಿಂಬಾಗಿಲಿಂದ ಬಂತು. ಹತ್ತು ಪೆಟ್ಟಿಗೆಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡೋ ಒಬ್ಬನೇ ಒಬ್ಬ ಸಿಸ್ಟಮ್ ಅಡ್ಮಿನ್ ಪಾಡು ಬೇರೆ.

ಇನ್ನೊಂದು ಪರಿಹಾರ, ಆಜ್ಞೆ ಮಾತ್ರ ಕಂಟ್ರೋಲರ್‌ನದು, ಡೇಟಾ ಅಲ್ಲಲ್ಲೇ ಹತ್ತಿರದ ಸ್ವಿಚ್ಚಿಗೆ ಇಳಿಯಲಿ ಅನ್ನೋದು. ಸಿಸ್ಕೋದವರು ಇದನ್ನು ಫ್ಲೆಕ್ಸ್‌ಕನೆಕ್ಟ್ ಅಂತಾರೆ. ದೂರದ ಕ್ಯಾಂಪಸ್ಸಿಗೆ ಇದೇ ಸರಿ. ನಮ್ಮ ವಿಟಿಯುವನ್ನೇ ತಗೊಳ್ಳಿ, ಬೆಳಗಾವಿಯಲ್ಲಿ ಕೇಂದ್ರ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಪ್ರಾದೇಶಿಕ ಕೇಂದ್ರಗಳು. ಕಲಬುರಗಿಯ ಪ್ಯಾಕೆಟ್ ಬೆಳಗಾವಿ ನೋಡಿಕೊಂಡು ಬರಲಿ ಅಂದರೆ ಅದು ಶುದ್ಧ ತಲೆಹರಟೆ. ಆದರೆ ಒಂದೇ ಕಾಂಪೌಂಡಿನೊಳಗೆ? "ಫೈಬರ್ ತುಂಡಾದರೂ ಹಾಸ್ಟೆಲ್ ವೈಫೈ ನಡೆಯುತ್ತೆ" ಅಂತಾರೆ. ನಡೆದು ಏನು ಬಂತು ಸ್ವಾಮಿ? ಇಂಟರ್ನೆಟ್ ಆ ಫೈಬರಿನಿಂದಲೇ ಬರಬೇಕಲ್ಲ! ಜೊತೆಗೆ ಆಕ್ಸೆಸ್ ಪಾಯಿಂಟ್ ಇರೋ ಪ್ರತಿ ಸ್ವಿಚ್ ಪೋರ್ಟಿಗೂ ಎಲ್ಲಾ ವಿಎಲ್ಯಾನ್‌ಗಳನ್ನು ಎಳೆಯಬೇಕು. ಮುನ್ನೂರು ಪೋರ್ಟುಗಳಲ್ಲಿ ಒಂದು ತಪ್ಪಾದರೆ ಹುಡುಕೋಕೆ ಅರ್ಧ ದಿನ. ಹಾಸ್ಟೆಲ್ಲಿನೊಳಗೇ ಸರ್ವರ್ ಇದ್ದು, ಡೇಟಾ ಅಲ್ಲಲ್ಲೇ ಸುತ್ತೋದೇ ಜಾಸ್ತಿ ಅಂದರೆ ಮಾತು ಬೇರೆ.

ಇನ್ನು ಕ್ಲೌಡ್. ರೂಮೇ ಬೇಡ, ಬ್ರೌಸರ್ ಸಾಕು. ಐಟಿ ಸಿಬ್ಬಂದಿ ಇಲ್ಲದ ಚಿಕ್ಕ ಕಾಲೇಜಿಗೆ ಒಳ್ಳೆಯದೇ. ಆದರೆ ಕೆಲವು ಕಂಪನಿಗಳ ವ್ಯವಸ್ಥೆಯಲ್ಲಿ ಲೈಸೆನ್ಸ್ ಮುಗಿದು ಗಡುವು ದಾಟಿದರೆ ಗೋಡೆ ಮೇಲಿನ ಪೆಟ್ಟಿಗೆಗಳು ಕೆಲಸ ನಿಲ್ಲಿಸುತ್ತವೆ. ಬಿಲ್ ಪಾಸಾಗೋಕೆ ಆರು ತಿಂಗಳು ಹಿಡಿಯೋ ಸಂಸ್ಥೆಗಳು ಈ ಷರತ್ತನ್ನು ಎರಡು ಸಲ ಓದಿ ಸಹಿ ಹಾಕಬೇಕು.

ಹಾಗಾದರೆ ನನ್ನ ಅಭಿಪ್ರಾಯ ಏನು? ಒಂದೇ ಆವರಣದ ಕ್ಯಾಂಪಸ್ಸಿಗೆ ಕಂಟ್ರೋಲರ್ ಕೋರ್ ಸ್ವಿಚ್ಚಿನ ಪಕ್ಕದಲ್ಲಿ, ಇಂಟರ್ನೆಟ್ ಹೊರಹೋಗೋ ಬಾಗಿಲಲ್ಲಿ ಇರಬೇಕು. ಬಹುಪಾಲು ಡೇಟಾ ಹೇಗೂ ಅಲ್ಲಿಗೆ ಬರಲೇಬೇಕಾದ್ದರಿಂದ ಸುರಂಗದಿಂದ ಸುತ್ತುದಾರಿ ಆಗೋದಿಲ್ಲ. ಒಂದಲ್ಲ, ಎರಡು ಕಂಟ್ರೋಲರ್ ಇರಬೇಕು, ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳೋ ಹಾಗೆ. ಎರಡನ್ನೂ ಒಂದೇ ರ‍್ಯಾಕಿನಲ್ಲಿ, ಒಂದೇ ಯುಪಿಎಸ್ಸಿಗೆ ಕಟ್ಟಿ ‘ರಿಡಂಡೆನ್ಸಿ’ ಅನ್ನೋದು ಎರಡು ಬೀಗ ಹಾಕಿ ಎರಡರ ಕೀಲಿಯನ್ನೂ ಒಂದೇ ಮೊಳೆಗೆ ನೇತುಹಾಕಿದ ಹಾಗೆ. ಎರಡನೆಯದು ಬೇರೆ ಕಟ್ಟಡದಲ್ಲಿರಲಿ, ಕೋರ್‌ಗೆ ಬೇರೆ ದಾರಿಯ ಫೈಬರ್ ಇರಲಿ. ರಸ್ತೆ ಅಗೆಯೋ ಜೆಸಿಬಿ ಹೇಳಿ ಕೇಳಿ ಬರೋದಿಲ್ಲ.

ಕೊನೆಯದು ಯಾವ ಡಿಸೈನ್ ಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆ ರೂಮಿನ ಕೀಲಿ ಯಾರ ಹತ್ತಿರ? ಹಾಸ್ಟೆಲ್ಲಿನಲ್ಲಿ ನೆಟ್‌ವರ್ಕ್ ಬೇಕಾಗೋದು ರಾತ್ರಿ ಹನ್ನೊಂದಕ್ಕೆ, ಕೀಲಿ ಮನೆಗೆ ಹೋಗೋದು ಸಂಜೆ ಐದಕ್ಕೆ. ಎಲ್ಲಿಡಬೇಕು ಅಂತ ನಕ್ಷೆ ಬರೆಯುವಾಗ ಕೋರ್, ಡಿಸ್ಟ್ರಿಬ್ಯೂಷನ್, ಆಕ್ಸೆಸ್ ಅಂತ ಮೂರು ಪದರ ಬರೀತೀವಿ. ನಾಲ್ಕನೆಯದಾಗಿ ಒಬ್ಬ ಮನುಷ್ಯನ ಹೆಸರು, ಫೋನ್ ನಂಬರ್ ಬರೆದು ಆ ಬಾಗಿಲಿಗೆ ಅಂಟಿಸಿ. ಪಕ್ಕದಲ್ಲೇ ಇರೋ ಮೇನ್ ಸ್ವಿಚ್ಚಿನ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಇನ್ನೊಂದು ಚೀಟಿ: ‘ಇದನ್ನು ಆರಿಸಿದರೆ ಇಡೀ ಕಾಲೇಜಿನ ವೈಫೈ ಹೋಗುತ್ತದೆ’. ಲಕ್ಷಾಂತರ ರೂಪಾಯಿ ಸುರಿದ ಮೇಲೆ ಒಂದು ಹಾಳೆ, ಒಂದಿಷ್ಟು ಗೋಂದು ಏನೂ ದುಬಾರಿಯಲ್ಲ.

ನಿಮ್ಮ ಕಾಲೇಜಿನಲ್ಲಿ, ಆಫೀಸಿನಲ್ಲಿ ಈ ಪೆಟ್ಟಿಗೆ ಎಲ್ಲಿದೆ? ಗೊತ್ತಿದ್ದರೆ ಬರೀರಿ. ಗೊತ್ತಿಲ್ಲದಿದ್ದರೆ ನಾಳೆ ಹೋಗಿ ಕೇಳಿ ನೋಡಿ.